ಶ್ರೀ ಶಿವಯೋಗಿ ಸಿದ್ಧರಾಮೇಶ್ವರರ ಪರ್ವತಯಾತ್ರೆ

ಶಿವಭಕ್ತರ ಮನೆಮಾತಿನಲ್ಲಿ ಪರ್ವತವೆಂಬ ಶಬ್ದಕ್ಕೆ ಬೇರೆ ವಿಶೇಷಣವು ಬೇಕಾಗಿಲ್ಲ. ಒಬ್ಬರು ಪರ್ವತಕ್ಕೆ ಹೋಗಿಬಂದರೆಂದರೆ ಶ್ರೀಶೈಲಕ್ಕೆ ಹೋಗಿಬಂದರೆಂದೇ ಅರ್ಥವು. ಮಲ್ಲಪ್ಪ, ಮಲ್ಲಮ್ಮ, ಪರ್ವತಪ್ಪ, ಪರ್ವತಮ್ಮ ಎಂದು ಮಕ್ಕಳಿಗೆ ಹೆಸರಿಡುವ ವಾಡಿಕೆಯು ಆ ಗಿರಿಯು ನಮ್ಮ ಮನೆಗಳೊಳಗೆ ಎಷ್ಟು ದೂರ ಬಂದು ನಿಂತಿರುವುದೆಂಬುದಕ್ಕೆ ಸಾಕ್ಷಿಯಾಗಿದೆ. ಈ ಪರ್ವತವನ್ನೇರಿದ ಶರಣರು ಅನೇಕರು. ಉಡುತಡಿಯ ಮಹಾದೇವಿಯಕ್ಕನು ಕಲ್ಯಾಣದ ಅನುಭಾವಿಗಳ ಹರಕೆಯನ್ನು ಹೊತ್ತು ಅಲ್ಲಿಯ ಕದಳಿಯನ್ನು ಹೊಕ್ಕಳು. ಅಲ್ಲಮಪ್ರಭುದೇವರ ನಿಲವೂ ಕಡೆಗೆ ಆ ಕದಳಿಯಲ್ಲಿಯೇ ಬಯಲಾಯಿತೆಂದು ಪುರಾತನರು ಹೇಳುವರು. ಇವರೀರ್ವರೂ ಪರ್ವತಕ್ಕೆ ಹೋದವರು ಹಿಂದಿರುಗಲಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರಾದರೋ, ಏನೂ ಅರಿಯದ ಎಳೆಯ ವಯಸ್ಸಿನಲ್ಲಿ ಪರ್ವತವನ್ನೇರಿ, ದಾರಿಯನ್ನು ಬಿಟ್ಟು ಕಾಡನ್ನು ಹೊಕ್ಕು, ಮಲ್ಲಯ್ಯನನ್ನು ಕಂಡು, ಮಲ್ಲಯ್ಯನ ಅಪ್ಪಣೆಯಿಂದಲೇ ಕೆಳಗಿಳಿದು ಬಂದವರು. ಏರಿದ ಕಥೆಯಷ್ಟೇ ಇಳಿದ ಕಥೆಯೂ ಮುಖ್ಯವಾಗಿರುವ ಮಹಾಪುರುಷರು ಅವರಾದಕಾರಣ, ಶ್ರೀಮಠದ ಮಹೋತ್ಸವದ ಈ ಸಂಚಿಕೆಯಲ್ಲಿ ಅವರ ಚರಿತ್ರವನ್ನು ಯಥಾಮತಿ ನಿರೂಪಿಸಲು ತೊಡಗಿರುವೆವು.

ಈ ಚರಿತ್ರಕ್ಕೆ ನಮಗೆ ಎರಡು ಮುಖ್ಯವಾದ ಆಧಾರಗಳಿರುವುವು. ಹಂಪೆಯ ಹರಿಹರ ಮಹಾಕವಿಯ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ವಾರ್ಧಕಷಟ್ಪದಿಯಲ್ಲಿ ರಚಿಸಿದ ಸಿದ್ಧರಾಮ ಚಾರಿತ್ರವು ಮೊದಲನೆಯದು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿದ ಶೂನ್ಯಸಂಪಾದನೆಯೂ, ಅನಂತರದವರು ಅದನ್ನು ಬೆಳೆಯಿಸಿದ ಪರಿಷ್ಕರಣಗಳೂ ಎರಡನೆಯವು. ಮೊದಲನೆಯದರಲ್ಲಿ ಪರ್ವತವನ್ನೇರಿದ ಬಾಲಕನು ಕಾಣುವನು. ಎರಡನೆಯದರಲ್ಲಿ ಕೆರೆಯನ್ನು ಕಟ್ಟಿದ ಯೋಗಿಯು ತನ್ನೊಳಗಿನ ಪರ್ವತವನ್ನು ಏರುವನು.

ಜನನ ಮತ್ತು ಬಾಲ್ಯ

ಈಗ ಮಹಾರಾಷ್ಟ್ರದಲ್ಲಿ ಸೇರಿರುವ ಸೊಲ್ಲಾಪುರವೇ ಅಂದಿನ ಸೊನ್ನಲಿಗೆಯು. ಕ್ರಿ.ಶ. 12ನೆಯ ಶತಮಾನದಲ್ಲಿ ಅದು ಕನ್ನಡ ನಾಡಿನ ಒಂದು ಸಣ್ಣ ಹಳ್ಳಿಯಾಗಿದ್ದಿತು. ಅಲ್ಲಿಯ ಮುದ್ದುಗೌಡನೆಂಬ ಒಕ್ಕಲಿಗನಿಗೂ ಅವನ ಧರ್ಮಪತ್ನಿಯಾದ ಸುಗ್ಗಲೆಗೂ ವಯಸ್ಸು ಮೀರಿದ ಮೇಲೆ ಮಗನು ಹುಟ್ಟಿದನು. ಆ ಊರಿಗೆ ದಯಮಾಡಿಸಿದ ಶ್ರೀ ರೇವಣಸಿದ್ಧೇಶ್ವರರು ಈ ಜನನವನ್ನು ಮುಂಚಿತವಾಗಿಯೇ ಸೂಚಿಸಿದ್ದರೆಂದು ಕವಿಯು ಹೇಳುತ್ತಾನೆ. ಮಗುವಾದರೋ ಇತರ ಮಕ್ಕಳಂತೆ ಇರಲಿಲ್ಲ. ಆಟಪಾಟಗಳಲ್ಲಿ ಮನಸ್ಸಿಲ್ಲ, ಮಾತಿನಲ್ಲಿ ಆಸಕ್ತಿಯಿಲ್ಲ. ಯಾವಾಗಲೂ ಏನನ್ನೋ ನೆನೆಯುವಂತೆ ಮೌನವಾಗಿರುವುದು. ನೆರೆಹೊರೆಯವರು ಮಂದಬುದ್ಧಿಯ ಮಗುವೆಂದು ತಿಳಿದರು. ಬುದ್ಧಿಯು ಚುರುಕಿಲ್ಲದವನೆಂದು ಎಣಿಸಿದ ಹುಡುಗನಿಗೆ ಒಕ್ಕಲು ಮನೆಯಲ್ಲಿ ಯಾವ ಕೆಲಸವನ್ನು ಕೊಡುವರೋ ಅದನ್ನೇ ಇವನಿಗೂ ಕೊಟ್ಟರು: ದನಕರುಗಳ ಹಿಂದೆ ಹೋಗುವುದು, ಹೊಲವನ್ನು ಕಾಯುವುದು.

ಹೀಗಿರುತ್ತಿರಲಾಗಿ, ಒಂದು ದಿನ ಹೊಲದ ಬದುವಿನಲ್ಲಿ ಒಬ್ಬ ಜಂಗಮನು ಬಂದು ನಿಂತನು. ತನ್ನ ಹೆಸರು ಮಲ್ಲಯ್ಯನೆಂದೂ, ತನ್ನ ಊರು ಶ್ರೀಶೈಲವೆಂದೂ ತಿಳಿಸಿ, ಹಸಿದಿರುವೆನೆಂದು ಬೇಡಿದನು. ಬಾಲಕನು ಎಳೆಯ ತೆನೆಗಳನ್ನು ಕಿತ್ತು ಸುಟ್ಟು ಉಜ್ಜಿ ಬೆಳಸೆಯನ್ನು ಮಾಡಿಕೊಟ್ಟನು. ಅದನ್ನುಂಡ ಜಂಗಮನು ಹೊಟ್ಟೆಯು ಉರಿಯುತ್ತಿರುವುದೆಂದೂ, ಮೊಸರನ್ನವು ಬೇಕೆಂದೂ ಕೇಳಿದನು. ಹುಡುಗನು ಮನೆಗೆ ಓಡಿದನು. ಮಾತನ್ನೇ ಆಡದಿದ್ದ ಮಗನು ಬಾಯ್ತೆರೆದು ಮೊಸರನ್ನವನ್ನು ಕೇಳಿದ್ದಕ್ಕೆ ತಾಯಿಯು ಹಿಗ್ಗಿ ಕಟ್ಟಿಕೊಟ್ಟಳು. ಹಿಂದಿರುಗಿ ಬರಲಾಗಿ ಬದುವಿನಲ್ಲಿ ಯಾರೂ ಇರಲಿಲ್ಲ.

ಇಲ್ಲಿಂದಲೇ ಯಾತ್ರೆಯ ಆರಂಭವು. ಹುಡುಗನಿಗೆ ಮೋಕ್ಷವು ಬೇಕಾಗಿರಲಿಲ್ಲ, ವರವು ಬೇಕಾಗಿರಲಿಲ್ಲ. ಹಸಿದವನೊಬ್ಬನು ಅನ್ನವನ್ನು ಕೇಳಿ ಉಣ್ಣದೆ ಹೋದನೆಂಬ ಸಂಕಟ ಮಾತ್ರವೇ ಅವನದು. ಕೈಯಲ್ಲಿ ಬುತ್ತಿಯನ್ನು ಹಿಡಿದು ಹೊಲದಿಂದ ಹೊಲಕ್ಕೆ ಮಲ್ಲಯ್ಯನ ಹೆಸರನ್ನು ಕೂಗುತ್ತ ಅಲೆದನು. ಆ ಹೊತ್ತಿಗೆ ಕಂಬಿಗಳನ್ನು ಹೊತ್ತು ಪರ್ವತಕ್ಕೆ ನಡೆಯುತ್ತಿದ್ದ ಯಾತ್ರಿಕರ ತಂಡವು ಆ ಮಾರ್ಗವಾಗಿ ಬಂದಿತು. ಅಳುತ್ತಿದ್ದ ಹುಡುಗನನ್ನು ಕಂಡು, ತಾವು ಹೋಗುತ್ತಿರುವುದೂ ಮಲ್ಲಯ್ಯನಲ್ಲಿಗೇ ಎಂದೂ, ಜೊತೆಯಲ್ಲಿ ಬಂದರೆ ತೋರಿಸುವೆವೆಂದೂ ಅವರು ಹೇಳಿದರು. ಹುಡುಗನು ಮನೆಗೆ ಹೇಳದೆ ಅವರ ಹಿಂದೆ ನಡೆದನು.

ಪರ್ವತದ ಹಾದಿ

ಸೊನ್ನಲಿಗೆಗೂ ಶ್ರೀಶೈಲಕ್ಕೂ ನೇರವಾಗಿ ಗೆರೆಯೆಳೆದು ಅಳೆದರೆ ಸುಮಾರು 225 ಮೈಲಿಗಳ ಅಂತರವಿದೆ. ನಡೆಯುವ ಹಾದಿಯು ಅದಕ್ಕಿಂತ ಬಹಳ ಉದ್ದವಾದುದು. ನಮ್ಮ ಶ್ರೀನಿವಾಸಪುರದಿಂದ ಆ ನೇರದ ಅಂತರವು 200 ಮೈಲಿಗೆ ತುಸು ಕಡಮೆ. ಪರ್ವತಕ್ಕೆ ನಾಲ್ಕು ಬಾಗಿಲುಗಳೆಂದು ಹಿಂದಿನವರು ಎಣಿಸಿರುವರು: ಮೂಡಲಲ್ಲಿ ತ್ರಿಪುರಾಂತಕ, ತೆಂಕಲಲ್ಲಿ ಸಿದ್ಧವಟ, ಪಡುವಲಲ್ಲಿ ಅಲಂಪುರ, ಬಡಗಲಲ್ಲಿ ಉಮಾಮಹೇಶ್ವರ. ನಮ್ಮ ಸೀಮೆಯಿಂದ ಮದನಪಲ್ಲಿ, ಕಡಪೆಯ ದಿಕ್ಕಿಗೆ ನಡೆದವರಿಗೆ ಪಿನಾಕಿನಿಯ ದಡದ ಸಿದ್ಧವಟವು ಸಮೀಪದ ಬಾಗಿಲು; ಪಡುವಣ ನಾಡಿನಿಂದ ಬರುವವರಿಗೆ ತುಂಗಭದ್ರೆಯ ತಡಿಯ ಅಲಂಪುರವು.

ಬಾಗಿಲನ್ನು ದಾಟಿದರೆ ಪರ್ವತವು ದೊರೆಯಿತೆಂದು ಭಾವಿಸಬಾರದು. ಶ್ರೀಶೈಲವು ನಿಂತಿರುವುದು ನಲ್ಲಮಲೆಯ ನಡುವೆ. ನಲ್ಲ ಎಂದರೆ ತೆಲುಗಿನಲ್ಲಿ ಕಪ್ಪು, ಕನ್ನಡದಲ್ಲಿ ಪ್ರಿಯನು. ಎರಡು ನುಡಿಗಳನ್ನೂ ಆಡುವ ನಮ್ಮ ತಾಲ್ಲೂಕಿನ ಭಕ್ತರಿಗೆ ಈ ಹೆಸರಿನಲ್ಲಿ ಕಾಡಿನ ಕತ್ತಲೆಯೂ ಮಲ್ಲಿನಾಥನ ಮೇಲಣ ಒಲವೂ ಒಟ್ಟಿಗೆ ಕೇಳಿಸುವುವು. ಎತ್ತರದ ಮಾತಾದರೆ ಇದು ನಮ್ಮ ನಂದಿಬೆಟ್ಟಕ್ಕೆ ಸಾಟಿಯಾಗದು. ನಂದಿಯು 4851 ಅಡಿ; ನಲ್ಲಮಲೆಯ ಉನ್ನತ ಶಿಖರಗಳೇ ಸುಮಾರು 3000 ಅಡಿ; ದೇವಾಲಯವಿರುವ ನೆಲವು ಸುಮಾರು 1500 ಅಡಿ. ಆದರೆ ನಂದಿಯನ್ನು ಒಮ್ಮೆ ಏರಿದರೆ ಮುಗಿಯಿತು. ನಲ್ಲಮಲೆಯಲ್ಲಿ ಏರಿದ್ದನ್ನೆಲ್ಲ ಮತ್ತೆ ಇಳಿಯಬೇಕು. ಒಂದು ಸಾಲು ಬೆಟ್ಟವನ್ನು ಹತ್ತಿದವನಿಗೆ ಎದುರಿನ ಸಾಲು ಕೈಗೆಟುಕುವಂತೆ ಕಾಣುವುದು. ನಡುವೆ ಇರುವ ಕೊಳ್ಳವು ಕಾಣದು. ಕೊಳ್ಳಕ್ಕೆ ಇಳಿದು ಮೇಲೇಳುವಷ್ಟರಲ್ಲಿ ಹಗಲು ಕಳೆಯುವುದು. ಯಾತ್ರೆಯ ಕಾಲವು ಶಿವರಾತ್ರಿಯಿಂದ ಯುಗಾದಿಯವರೆಗೆ. ಆಗ ಮರಗಳು ಎಲೆಯುದುರಿಸಿ ನಿಂತಿರುವುವು, ಹಳ್ಳಗಳು ಬತ್ತಿರುವುವು, ಕಾಲ ಕೆಳಗಿನ ಕಲ್ಲು ಕಾದಿರುವುದು. ಬಿದಿರ ಮೆಳೆಗಳಲ್ಲಿ ಕರಡಿಯೂ ಹುಲಿಯೂ ಇರುವುವು. ಅಲ್ಲಿಯ ಮೂಲನಿವಾಸಿಗಳಾದ ಚೆಂಚರಿಗೆ ಮಾತ್ರ ಯಾವ ಬಂಡೆಯ ಕೆಳಗೆ ನೀರು ನಿಂತಿರುವುದೆಂಬುದು ಗೊತ್ತು. ಮಲ್ಲಯ್ಯನನ್ನು ಅವರು ತಮ್ಮ ಕುಲದ ಅಳಿಯನೆಂದು ಭಾವಿಸಿ ಚೆಂಚು ಮಲ್ಲಯ್ಯನೆಂದು ಕರೆಯುವರು.

ಈಗಲೂ ಉತ್ತರ ಕರ್ನಾಟಕದ ಸಹಸ್ರಾರು ಭಕ್ತರು ಯುಗಾದಿಗೆ ಮುಂಚೆ ಕಂಬಿಯನ್ನು ಹೊತ್ತು, ಆತ್ಮಕೂರಿನ ಕಡೆಯಿಂದ ಕಾಡನ್ನು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳಗಳ ಮಾರ್ಗವಾಗಿ ಕೈಲಾಸದ್ವಾರವನ್ನು ಸೇರಿ ಪರ್ವತವನ್ನು ಮುಟ್ಟುವರು. ಇವುಗಳಲ್ಲಿ ಭೀಮನಕೊಳ್ಳದ ಇಳಿತವೂ ಏರೂ ಅತಿ ಕಠಿಣವಾದುವೆಂದು ಹೋಗಿಬಂದವರೆಲ್ಲರೂ ಹೇಳುವರು. ಕೊಂಡವೀಡಿನ ರೆಡ್ಡಿ ಅರಸನಾದ ಪ್ರೋಲಯ ವೇಮನು ಪರ್ವತಕ್ಕೆ ಕಲ್ಲಿನ ಮೆಟ್ಟಿಲುಗಳನ್ನು ಕಟ್ಟಿಸಿದನು. ಆದರೆ ಅದು 14ನೆಯ ಶತಮಾನದ ಮಾತು. ನಮ್ಮ ಬಾಲಕನು ನಡೆದಾಗ ಅರಸನ ಆ ಮೆಟ್ಟಿಲುಗಳು ಇರಲಿಲ್ಲ. ಮುಂದೆ ಹೋದವರ ಪಾದಗಳಿಂದ ಸವೆದ ಕಲ್ಲೇ ದಾರಿ, ಮುಂದಿನವರ ಕೂಗೇ ಗುರುತು.

ದಾರಿ ಬಿಟ್ಟದ್ದು

ತಂಡವು ಪರ್ವತವನ್ನು ಸೇರಿತು. ಯಾತ್ರಿಕರು ತಮ್ಮ ಮಾತಿನಂತೆ ಹುಡುಗನನ್ನು ಗರ್ಭಗೃಹದ ಮುಂದೆ ನಿಲ್ಲಿಸಿ, ಇವನೇ ಮಲ್ಲಯ್ಯನೆಂದು ಮಲ್ಲಿಕಾರ್ಜುನಲಿಂಗವನ್ನು ತೋರಿಸಿದರು. ಅವರು ಸುಳ್ಳನ್ನು ಹೇಳಲಿಲ್ಲ. ಅವರ ಪಾಲಿಗೆ ಅದು ನಿಜವೇ ಆಗಿದ್ದಿತು. ಆದರೆ ಹುಡುಗನು ನೋಡಿದ್ದು ನಡೆದಾಡುವ, ಹಸಿಯುವ, ಬೇಡುವ ಮಲ್ಲಯ್ಯನನ್ನು. ಈತನು ತನ್ನ ಮಲ್ಲಯ್ಯನಲ್ಲವೆಂದನು. ನೆರೆದವರು ನಕ್ಕರು, ಗದರಿಸಿದರು. ಹುಡುಗನು ಗುಡಿಯಿಂದ ಹೊರಬಿದ್ದು, ಯಾತ್ರಿಕರ ಹಾದಿಯನ್ನೂ ಬಿಟ್ಟು, ಕಾಡಿನೊಳಗೆ ನುಗ್ಗಿದನು.

ವಾಚಕರು ಇಲ್ಲಿ ಕ್ಷಣಕಾಲ ನಿಲ್ಲಬೇಕೆಂದು ಬಿನ್ನಹ. ಊರಿನಿಂದ ಗುಡಿಯವರೆಗೆ ಬಂದದ್ದು ಹಿರಿಯರ ಹಾದಿ. ಆ ಹಾದಿಯಿಲ್ಲದಿದ್ದರೆ ಹುಡುಗನು ಪರ್ವತವನ್ನು ಸೇರುತ್ತಲೇ ಇರಲಿಲ್ಲ. ಆದುದರಿಂದ ಅದನ್ನು ಹಳಿಯಲಾಗದು. ಗುಡಿಯಿಂದ ಮುಂದಕ್ಕೆ ಮಾತ್ರ ಯಾರೂ ಸವೆಸಿದ ಹಾದಿಯಿಲ್ಲ. ಅಲ್ಲಿ ಪ್ರತಿಯೊಬ್ಬನೂ ತಾನೇ ನಡೆಯಬೇಕು. ಮರಮರವನ್ನು ಕೇಳುತ್ತ, ಬಂಡೆಯಿಂದ ಬಂಡೆಗೆ ತೆವಳುತ್ತ, ಮುಳ್ಳಿನಲ್ಲಿ ಮೈಯನ್ನು ಹರಿದುಕೊಳ್ಳುತ್ತ ಬಾಲಕನು ಅಲೆದನು. ಕೂಗಿದರೆ ಎದುರು ಬೆಟ್ಟವು ಅದೇ ಹೆಸರನ್ನು ಮರಳಿ ಕೂಗುವುದು; ಮಲ್ಲಯ್ಯನೇ ಓಗೊಟ್ಟನೆಂದು ಅತ್ತ ಓಡುವನು. ಹೀಗೆ ಓಡುತ್ತ ಓಡುತ್ತ ನೆಲವೇ ಮುಗಿದುಹೋದ ಒಂದು ಕಮರಿಯ ಅಂಚಿಗೆ ಬಂದನು. ಇನ್ನು ಹುಡುಕುವ ಸ್ಥಳವು ಉಳಿದಿರಲಿಲ್ಲ. ಮಲ್ಲಯ್ಯನಿಲ್ಲದ ಪ್ರಾಣವು ತನಗೆ ಬೇಡವೆಂದು ನಿಶ್ಚಯಿಸಿ ಧುಮುಕಲು ಅಣಿಯಾದನು. ಆ ಗಳಿಗೆಯಲ್ಲಿ ಮಲ್ಲಯ್ಯನು ಪ್ರತ್ಯಕ್ಷನಾಗಿ ಕೈಯನ್ನು ಹಿಡಿದನು.

ಶ್ರೀಶೈಲದಲ್ಲಿ ಪ್ರಾಣವನ್ನರ್ಪಿಸುವ ಉಗ್ರವ್ರತಗಳು ಒಂದು ಕಾಲದಲ್ಲಿ ಇದ್ದವು. ತಲೆಯನ್ನೇ ಅರಿದರ್ಪಿಸುವ ವೀರರಿಗಾಗಿ 14ನೆಯ ಶತಮಾನದಲ್ಲಿ ಅಲ್ಲಿ ವೀರಶಿರೋಮಂಟಪವೂ ಎದ್ದಿತು. ರಾಘವಾಂಕನು ಹೇಳುವ ಈ ಕಥೆಯು ಅದಕ್ಕೆ ತೀರ ಬೇರೆಯಾದುದನ್ನು ಬೋಧಿಸುತ್ತದೆ. ಹುಡುಗನು ಕೊಡಲು ಬಂದ ದೇಹವನ್ನು ಮಲ್ಲಯ್ಯನು ಕಮರಿಯಲ್ಲಿ ಸ್ವೀಕರಿಸಲಿಲ್ಲ; ಕೈಹಿಡಿದು ಅಂಚಿನಿಂದ ಈಚೆಗೆ ಎಳೆದನು. ಅಷ್ಟೇ ಅಲ್ಲದೆ, ತನ್ನ ಬಳಿಯಲ್ಲಿ ಇರಗೊಡಲೂ ಇಲ್ಲ. ಸೊನ್ನಲಿಗೆಗೆ ಹಿಂದಿರುಗಿ, ಅದನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡೆಂದೂ, ತಾನು ಅಲ್ಲಿಗೇ ಬಂದು ನೆಲಸುವೆನೆಂದೂ ಅಪ್ಪಣೆಮಾಡಿದನು. ಅಷ್ಟು ಕಷ್ಟಪಟ್ಟು ಏರಿದ ಬೆಟ್ಟವನ್ನು ಇಳಿಯೆನ್ನುವ ಅಪ್ಪಣೆಗಿಂತ ಕಠಿಣವಾದುದು ಯಾವುದಿದೆ? ಹುಡುಗನು ಶಿರಸಾವಹಿಸಿ ಇಳಿದನು.

ಕೆರೆಯ ಶಿವಯೋಗಿ

ಹಿಂದಿರುಗಿದ ಸಿದ್ಧರಾಮರು ಸೊನ್ನಲಿಗೆಯಲ್ಲಿ ಮಲ್ಲಿಕಾರ್ಜುನನ ಗುಡಿಯನ್ನು ಕಟ್ಟಿಸಿದರು. 68 ತೀರ್ಥಗಳ ನೆನಪಿಗೆ 68 ಲಿಂಗಗಳನ್ನು ಸ್ಥಾಪಿಸಿದರು. ಆ ನಾಡಿನ ಅರಸಿಯಾದ ಚಾಮಲದೇವಿಯು ನೆಲವನ್ನಿತ್ತು ನೆರವಾದಳು. ಆದರೆ ಅವರ ಕಾಯಕಗಳಲ್ಲೆಲ್ಲ ಹಿರಿದಾದುದು ಕೆರೆ. ಮಳೆಯು ಕಡಮೆಯಾದ ಆ ಕರಿನೆಲದಲ್ಲಿ ನೀರಿಗಾಗಿ ಜನರೂ ದನಗಳೂ ಬಾಯಾರುತ್ತಿದ್ದರು. ಸಿದ್ಧರಾಮರು ಭಕ್ತರನ್ನು ಕೂಡಿಸಿ, ಗುದ್ದಲಿ ಹಾರೆ ಮಂಕರಿಗಳನ್ನು ಹಿಡಿಯಿಸಿ, ತಾವೂ ಅವರೊಡನೆ ನಿಂತು ಭೂಮಿಯನ್ನು ತೋಡಿದರು. ಈಗಲೂ ಸೊಲ್ಲಾಪುರದ ಸಿದ್ಧೇಶ್ವರ ದೇವಾಲಯವು ಕೆರೆಯ ನೀರಿನ ನಡುವೆಯೇ ಇರುವುದು. ಹೊಲದ ಬದುವಿನಲ್ಲಿ ಹಸಿದ ಜಂಗಮನಿಗೆ ಕೊಡಲಾಗದೆ ಹೋದ ತಂಪನ್ನು ಶಿವಯೋಗಿಗಳು ಊರಿಗೆ ಊರಿಗೇ ಕೊಟ್ಟರೆಂದು ನಾವು ತಿಳಿಯಬಹುದು.

ಪ್ರಭುದೇವರ ಆಗಮನ

ಇಲ್ಲಿಗೆ ಚರಿತ್ರವು ಮುಗಿದಿದ್ದರೆ ಸಿದ್ಧರಾಮರು ಪುಣ್ಯಪುರುಷರೆನಿಸಿ ಉಳಿಯುತ್ತಿದ್ದರು. ಮುಂದಿನ ಕಥೆಯನ್ನು ವಿಸ್ತಾರವಾಗಿ ಹೇಳುವುದು ಶೂನ್ಯಸಂಪಾದನೆಯು. ಕೆರೆಯ ಕೆಲಸವು ನಡೆಯುತ್ತಿರುವಾಗ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಮಣ್ಣು ಹೊರುವವರ ಮುಂದೆ ಅವರ ಗುರುವನ್ನು ಒಡ್ಡರಾಮನೆಂದು ಕರೆದರು. ಕೆಲಸಗಾರರು ಸಿಟ್ಟಿಗೆದ್ದು ಕಲ್ಲುಗಳನ್ನೆಸೆದರು. ಒಂದೂ ಪ್ರಭುವಿಗೆ ತಾಕಲಿಲ್ಲ. ಸುದ್ದಿಯನ್ನು ಕೇಳಿ ಬಂದ ಸಿದ್ಧರಾಮರು ಕೋಪದಿಂದ ಹಣೆಗಣ್ಣನ್ನು ತೆರೆದರು. ಆ ಉರಿಯೂ ಪ್ರಭುವನ್ನು ಸುಡಲಾರದೆ ಅಡಗಿತು. ಆಗ ಶಿವಯೋಗಿಗಳಿಗೆ ಅರಿವಾಯಿತು. ಬೆಟ್ಟದ ಕಮರಿಯನ್ನು ದಾಟಿದವರಿಗೆ ತಾನು ಮಾಡಿದೆನೆಂಬ ಭಾವವು ಇನ್ನೊಂದು ಕಮರಿಯಾಗಿ ಎದುರಿಗೆ ನಿಂತಿದ್ದಿತು. ಕೆರೆಯ ಮಣ್ಣನ್ನು ಹೊರಗೆ ಹಾಕಿದಷ್ಟೂ ಅಭಿಮಾನದ ಗುಡ್ಡವು ಒಳಗೆ ಬೆಳೆದಿದ್ದಿತು. ಗುಡಿಯ ಕಲ್ಲನ್ನು ಒಪ್ಪದೆ ಜೀವಂತ ಮಲ್ಲಯ್ಯನನ್ನು ಅರಸಿ ಹೊರಟ ಬಾಲಕನೇ ದೊಡ್ಡವನಾಗಿ 68 ಕಲ್ಲುಗಳನ್ನು ನಿಲ್ಲಿಸಿದ್ದನೆಂಬುದನ್ನೂ ಪ್ರಭುಗಳ ಬೋಧೆಯು ನೆನಪಿಗೆ ತಂದಿರಬೇಕು.

ಪ್ರಭುಗಳು ಅವರನ್ನು ಕಲ್ಯಾಣಕ್ಕೆ ಕರೆದೊಯ್ದರು. ಅಲ್ಲಿ ಬಸವಣ್ಣನವರ ದರ್ಶನವಾಯಿತು. ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯಾಯಿತು. ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರ ಮುಂದೆ, ನಾಡೆಲ್ಲ ಕೈಮುಗಿಯುತ್ತಿದ್ದ ಶಿವಯೋಗಿಗಳು ತಲೆಬಾಗಿ ಕೈಯನ್ನು ಚಾಚಿದರು. ಕಾಡುಮೇಡುಗಳಲ್ಲಿ ಅರಸಿದ ಮಲ್ಲಯ್ಯನು ಅಂಗೈಗೆ ಬಂದನು. ಅಲ್ಲಿಂದ ಮುಂದೆ ಕಪಿಲಸಿದ್ಧಮಲ್ಲಿಕಾರ್ಜುನನೆಂಬ ಅಂಕಿತದಿಂದ ಅವರು ನುಡಿದ ವಚನಗಳೂ, ಬಸವಸ್ತೋತ್ರವೇ ಮೊದಲಾದ ತ್ರಿವಿಧಿಗಳೂ ಶರಣಸಾಹಿತ್ಯಕ್ಕೆ ಭೂಷಣಗಳಾಗಿವೆ. ಅಲ್ಲಮಪ್ರಭು, ಚೆನ್ನಬಸವಣ್ಣ ಇವರ ತರುವಾಯ ಶೂನ್ಯಸಿಂಹಾಸನವನ್ನು ಅಲಂಕರಿಸಿದವರು ಸಿದ್ಧರಾಮೇಶ್ವರರೇ. 1167-68ರ ಸುಮಾರಿನಲ್ಲಿ ಬಿಜ್ಜಳನ ವಧೆಯಾಗಿ ಕಲ್ಯಾಣವು ಕದಡಿ ಶರಣರು ದಿಕ್ಕುದಿಕ್ಕಿಗೆ ಚದುರಿದ ಮೇಲೆ, ಅವರು ಪರ್ವತಕ್ಕೆ ಹೋಗಲಿಲ್ಲ. ಸೊನ್ನಲಿಗೆಗೆ ಹಿಂದಿರುಗಿ, ತಾವು ತೋಡಿದ ಕೆರೆಯ ಬಳಿಯಲ್ಲಿಯೇ ಸಮಾಧಿಸ್ಥರಾದರು. ಮಕರಸಂಕ್ರಾಂತಿಯ ಕಾಲದಲ್ಲಿ ಅಲ್ಲಿ ನಡೆಯುವ ಗಡ್ಡಾ ಯಾತ್ರೆಗೆ ಇಂದಿಗೂ ಕನ್ನಡ, ಮರಾಠಿ, ತೆಲುಗು ಭಾಷೆಗಳನ್ನಾಡುವ ಭಕ್ತರು ನಂದಿಧ್ವಜಗಳೊಡನೆ ಸೇರುವರು.

ನಮ್ಮ ಸೀಮೆಗೆ ಈ ಚರಿತ್ರದ ಪ್ರಯೋಜನ

ಪ್ರಭುಗಳು ಪರೀಕ್ಷಾರ್ಥವಾಗಿ ಆಡಿದ ಒಡ್ಡನೆಂಬ ಶಬ್ದವನ್ನು ಸಿದ್ಧರಾಮರು ಕಡೆಗೆ ಅವಮಾನವೆಂದು ಉಳಿಸಿಕೊಳ್ಳಲಿಲ್ಲ. ಕಲ್ಲು ಮಣ್ಣುಗಳ ಕಾಯಕದ ಭೋವಿ ಸಮಾಜದವರು ಇಂದು ಅವರನ್ನೇ ತಮ್ಮ ಕುಲಗುರುವೆಂದು ಪೂಜಿಸುವರು. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಈ ನೆಲವು ಶತಮಾನಗಳ ಕಾಲ ಬದುಕಿದ್ದು ಸಾವಿರಾರು ಕೆರೆಗಳಿಂದ. ಆ ಕೆರೆಗಳ ಏರಿಗಳನ್ನು ಎತ್ತಿದ ಕೈಗಳೂ, ತೂಬನ್ನು ಕಾಯ್ದ ನೀರಗಂಟಿಯ ಕೈಗಳೂ ಶ್ರಮದ ಕೈಗಳೇ. ಅಂಥವರನ್ನು ಕೀಳೆಂದು ಕಾಣುವವನು ಸಿದ್ಧರಾಮರ ಹೆಸರನ್ನು ಹೇಳಲು ಅರ್ಹನಲ್ಲ.

ಪಾಪನಪಲ್ಲಿಯೆಂದಿದ್ದ ನಮ್ಮ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿನಿಂದ ಶ್ರೀನಿವಾಸಪುರವೆಂದು ಹೆಸರಿಟ್ಟ ಕಾಲದಲ್ಲಿಯೂ, ಅದಕ್ಕೆ ಬಹುಪೂರ್ವದಲ್ಲಿಯೂ, ಇಲ್ಲಿಯ ಹೊಲತೋಟಗಳಿಗೆ ಕೆರೆಯೇ ಗತಿಯಾಗಿದ್ದಿತು. ಅನಂತರ ನಾವು ಕೆರೆಗಳನ್ನು ಮರೆತು ಸಾವಿರ ಅಡಿಗೂ ಮಿಕ್ಕಿ ಕೊಳವೆಬಾವಿಗಳನ್ನು ಕೊರೆದೆವು. ಕೆರೆಯ ಅಂಗಳದಲ್ಲಿ ಜಾಲಿ ಬೆಳೆಯಿತು, ಕಾಲುವೆಗಳು ಮುಚ್ಚಿದವು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆಲವು ಕೆರೆಗಳಿಗೆ ಬರುತ್ತಿರುವುದು. ನೀರು ಎಲ್ಲಿಂದ ಬಂದರೂ ಏರಿಯನ್ನು ಕಟ್ಟಿಕೊಳ್ಳುವುದು, ಹೂಳನ್ನು ತೆಗೆಯುವುದು, ಕೋಡಿಯನ್ನು ಕಾಯುವುದು ಊರಿನವರ ಕೆಲಸವೇ ಸರಿ.

ಪ್ರತಿ ವರ್ಷವೂ ಶ್ರೀಮಠದ ಭಕ್ತರು ಅನೇಕರು ಪರ್ವತಕ್ಕೆ ಹೋಗಿಬರುವರು. ಈಗ ಗುಡಿಯ ಸಮೀಪದವರೆಗೂ ಬಸ್ಸುಗಳಿರುವುವು. ಅವಕಾಶವಿರುವ ತರುಣರು ಒಮ್ಮೆಯಾದರೂ, ಅರಣ್ಯದವರ ಅನುಮತಿಯಿರುವ ಯಾತ್ರಾಕಾಲದಲ್ಲಿ, ಬಲ್ಲವರ ಜೊತೆಗೂಡಿ ಭೀಮನಕೊಳ್ಳದ ಹಾದಿಯಲ್ಲಿ ನಡೆಯಲಿ. ಬಾಯಾರಿಕೆಯೆಂದರೇನೆಂಬುದು ಅಲ್ಲಿ ತಿಳಿಯುವುದು; ಅಪರಿಚಿತನು ನೀಡಿದ ಒಂದು ಗುಟುಕು ನೀರಿನ ಬೆಲೆಯೂ ತಿಳಿಯುವುದು. ಆದರೆ ಯಾತ್ರೆಯು ಪೂರ್ಣವಾಗುವುದು ಶಿಖರದಲ್ಲಿ ಅಲ್ಲ. ಹಿಂದಿರುಗಿದವನ ಅಂಗೈಯಲ್ಲಿ ಲಿಂಗಪೂಜೆಯು ತಪ್ಪದಿರಬೇಕು, ಅವನ ಊರಿನಲ್ಲಿ ಬಾಯಾರಿದವರಿಗೆ ನೀರಿರಬೇಕು, ಮಾಡಿದವನು ತಾನೆಂಬ ಮಾತು ಅವನ ಬಾಯಿಂದ ಬರದಿರಬೇಕು. ಈ ಮೂರೂ ಕೂಡಿದಲ್ಲಿ ಶ್ರೀನಿವಾಸಪುರವೂ ಶ್ರೀಶೈಲವೇ. ಶಿವಯೋಗಿ ಸಿದ್ಧರಾಮೇಶ್ವರರ ಕೃಪೆಯು ಶ್ರೀಮಠದ ಸಮಸ್ತ ಶಿಷ್ಯಭಕ್ತರ ಮೇಲೆಯೂ, ನಮ್ಮ ಸೀಮೆಯ ಕೆರೆಕಟ್ಟೆಗಳ ಮೇಲೆಯೂ ಸದಾ ಇರಲೆಂದು ಪ್ರಾರ್ಥಿಸಿ, ಈ ಚರಿತ್ರಪುಷ್ಪವನ್ನು ಶ್ರೀ ಗುರುಚರಣಗಳಲ್ಲಿ ಸಮರ್ಪಿಸಿರುವೆವು. ಇತಿ ಶಿವಂ.